ಮೈನ್‌ಕ್ರಾಫ್ಟ್‌ನಲ್ಲಿ ಮುರಕಲ್ಲಿನ ಗೋಡೆ: ಫೋಟೋ ಹಾಕಿದರೆ ಕೆಸರು, ಹೆಸರು ಕೊಟ್ಟರೆ ನೇರಳೆ ಚೌಕ

ಅಂಗಳದ ಬೆಕ್ಕು:

ಎಲ್ಲರಿಗೂ ನಮಸ್ಕಾರ. ಮೂರು ಪ್ರಶ್ನೆ ಇದೆ, ಮೂರೂ ಒಂದೇ ಮನೆಯವು.

ಪುತ್ತೂರಿನ ಹತ್ತಿರ ನಮ್ಮ ಅಜ್ಜಿ ಮನೆ ಇತ್ತು. ಮುರಕಲ್ಲಿನ (ತೂತು ತೂತಿನ ಕೆಂಪು ಕಲ್ಲು) ಗೋಡೆ, ಮಂಗಳೂರು ಹಂಚು, ಒಳಗೆ ರೆಡ್ ಆಕ್ಸೈಡ್ ನೆಲ. ಹೋದ ವರ್ಷ ಅದನ್ನು ಕೆಡವಿ ಟೆರೇಸ್ ಮನೆ ಕಟ್ಟಿದರು. ಮಾಡಿನ ಮರದ ಪಕ್ಕಾಸಿಗೆಲ್ಲ ಗೆದ್ದಲು ಹಿಡಿದಿತ್ತು, ಕೆಡವಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಕ್ಕನ ಮಗನಿಗೆ ಹನ್ನೊಂದು ವರ್ಷ. ದಸರಾ ರಜೆಗೆ ಬಂದವನು ‘ಮಾಮಾ, ಆ ಮನೆಯನ್ನು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟೋಣ’ ಅಂದ. ಹೂಂ ಅಂದುಬಿಟ್ಟೆ. ಚೌಕ ಬ್ಲಾಕು ಜೋಡಿಸಿ ಕಟ್ಟುವ ಆಟ ಅಲ್ವಾ, ಕಟ್ಟುವುದೇನೂ ಕಷ್ಟ ಇಲ್ಲ, ಯಾವ ಕೋಣೆಯ ಪಕ್ಕ ಯಾವ ಕೋಣೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಆಟದಲ್ಲಿ ಇರುವ ಇಟ್ಟಿಗೆಯನ್ನೇ ಹಾಕಿದರೆ ಅದು ಇಂಗ್ಲೆಂಡಿನ ಯಾವುದೋ ಮನೆ ಥರ ಕಾಣುತ್ತದೆ. ಹಾಗಾಗಿ ನಮ್ಮದೇ ಟೆಕ್ಸ್ಚರ್ (ಬ್ಲಾಕಿನ ಮೈಮೇಲೆ ಕೂರುವ ಚಿತ್ರ) ಮಾಡಲು ಹೊರಟೆ, ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಆಡುವುದು ಜಾವಾ ಎಡಿಷನ್ 1.20.1. ಹಳೇ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವುದೋ ಹಳೇ ವಿಡಿಯೊ ನೋಡಿಕೊಂಡು ರಿಸೋರ್ಸ್ ಪ್ಯಾಕ್ (ಆಟದ ಚಿತ್ರಗಳ ಬದಲಿಗೆ ನಮ್ಮದನ್ನು ಹಾಕುವ ಫೈಲುಗಳ ಕಟ್ಟು) ಮಾಡಿದೆ. ಅದರಲ್ಲಿ ಚಿತ್ರಗಳನ್ನು ‘ಬ್ಲಾಕ್ಸ್’ ಅನ್ನುವ ಫೋಲ್ಡರ್‌ಗೆ ಹಾಕಿ ಅಂತಿತ್ತು. ಹಾಕಿದೆ. ಏನೂ ಬದಲಾಗಲಿಲ್ಲ. ಎರಡು ಸಂಜೆ ಅದರಲ್ಲೇ ಹೋಯಿತು. 1.13ರಿಂದ ಅದು ‘ಬ್ಲಾಕ್’ ಅಂತ ಏಕವಚನ ಆಗಿದೆಯಂತೆ!

ಈಗಿನ ತೊಂದರೆ ಇವು. ದನದ ಹಟ್ಟಿಯ ಗೋಡೆ ಇನ್ನೂ ಉಳಿದಿದೆ, ಅದರ ಫೋಟೋ ತೆಗೆದು ಚೌಕಾಕಾರಕ್ಕೆ ಕತ್ತರಿಸಿ 16×16 ಪಿಕ್ಸೆಲ್‌ಗೆ ಇಳಿಸಿದೆ. ಪಾಲಿಶ್ಡ್ ಗ್ರಾನೈಟ್ ಬ್ಲಾಕಿನ ಚಿತ್ರದ ಜಾಗದಲ್ಲಿ ಅದನ್ನು ಹಾಕಿದೆ. ಹತ್ತಿರ ಹೋದರೆ ಕೆಸರು ಮೆತ್ತಿದ ಹಾಗೆ, ದೂರ ನಿಂತರೆ ಗೋಡೆ ತುಂಬ ಸಾಲಾಗಿ ಕಪ್ಪು ಚುಕ್ಕೆ, ಲಂಗದ ಬಟ್ಟೆ ಥರ. ಎರಡನೆಯದು, ಇನ್ನೊಂದು ಕಲ್ಲಿನ ಚಿತ್ರ ಸೇರಿಸೋಣ ಅಂತ, ಬ್ಲಾಕಿನ ಆಕಾರ ಮತ್ತು ಚಿತ್ರ ಯಾವುದು ಅಂತ ಹೇಳುವ ಮಾಡೆಲ್ ಫೈಲ್‌ನಲ್ಲಿ ಅದರ ಹೆಸರು ಬರೆದೆ, ಬ್ಲಾಕ್ ಪೂರ್ತಿ ನೇರಳೆ-ಕಪ್ಪು ಚೌಕ ಆಯಿತು. ಮೂರನೆಯದು ಹುಲ್ಲು. ಮಳೆಗಾಲದ ಅಂಗಳದ ಹಸಿರು ಬೇಕಿತ್ತು, ಚೆಂದವಾಗಿ ಹಸಿರು ಬಳಿದೆ, ಆಟದಲ್ಲಿ ನೋಡಿದರೆ ಕರಟಿಹೋದ ಪಾಲಕ್ ಥರ ಇದೆ.

ಫೋಟೋ ಅಷ್ಟು ಚೆನ್ನಾಗಿರುವಾಗ ಟೆಕ್ಸ್ಚರ್ ಯಾಕೆ ಹೀಗಾಗುತ್ತದೆ? ಗೊತ್ತಿದ್ದವರು ಹೇಳಿ.


ಒತ್ತಕ್ಷರ:

ನೇರಳೆ-ಕಪ್ಪು ಚೌಕ ಕಂಡರೆ ಹೆದರಬೇಡಿ. ಅಷ್ಟು ವಿಕಾರವಾದ ಬಣ್ಣ ಇಟ್ಟಿರುವುದೇ ಕಣ್ಣಿಗೆ ಹೊಡೆಯಲಿ ಅಂತ. ‘ನೀನು ಹೇಳಿದ ಚಿತ್ರ ನನಗೆ ಸಿಗಲಿಲ್ಲ’ ಅಂತ ಆಟ ಹೇಳುತ್ತಿದೆ ಅಷ್ಟೆ. ಫೈಲಿಗೆ ಏನಂತ ಹೆಸರು ಕೊಟ್ಟಿದ್ದೀರಿ? ಯಾವ ಫೋಲ್ಡರ್‌ನಲ್ಲಿ ಇದೆ?


ಅಂಗಳದ ಬೆಕ್ಕು:

ಹೆಸರು ‘ಮುರಕಲ್ಲು’. ಕನ್ನಡದಲ್ಲೇ ಟೈಪ್ ಮಾಡಿದ್ದೇನೆ. ಟೆಕ್ಸ್ಚರ್ಸ್ ಒಳಗೆ ‘ಊರು’ ಅಂತ ಒಂದು ಫೋಲ್ಡರ್ ಮಾಡಿ ಅದರಲ್ಲಿ ಇಟ್ಟಿದ್ದೇನೆ. ನಮ್ಮದೆಲ್ಲ ಒಂದೇ ಕಡೆ ಇರಲಿ ಅಂತ.


ಒತ್ತಕ್ಷರ:

ಅಭಿಮಾನ ಮೆಚ್ಚಿದೆ. ಆದರೆ ಎರಡೂ ತಪ್ಪು :)

ಈ ಆಟದ ಫೈಲ್ ಹೆಸರಿನಲ್ಲಿ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಡಿಗೆರೆ, ಅಡ್ಡಗೆರೆ, ಚುಕ್ಕೆ ಇಷ್ಟೇ ನಡೆಯುವುದು. ಕನ್ನಡ ಬೇಡ, ದೊಡ್ಡಕ್ಷರವೂ ಬೇಡ, ನಡುವೆ ಖಾಲಿ ಜಾಗವೂ ಬೇಡ. ನಾನು ಇಲ್ಲಿ ಎಲ್ಲ ಹೆಸರನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಫೈಲಿಗೆ ಹಾಕುವಾಗ ಇಂಗ್ಲಿಷ್ ಸಣ್ಣಕ್ಷರ ಮಾಡಿಕೊಳ್ಳಿ. ಫೋಲ್ಡರ್ ವಿಷಯ ಏನೆಂದರೆ, 1.19.3ರಿಂದ ಆಟ ಬ್ಲಾಕಿನ ಚಿತ್ರಗಳನ್ನು ‘ಬ್ಲಾಕ್’ ಮತ್ತು ‘ಐಟಂ’ ಫೋಲ್ಡರ್‌ಗಳಿಂದ ಮಾತ್ರ ತಾನಾಗಿ ಎತ್ತಿಕೊಳ್ಳುತ್ತದೆ. ಬೇರೆ ಕಡೆ ಇಟ್ಟರೆ ಅಟ್ಲಾಸ್ ಅಂತ ಇನ್ನೊಂದು ಫೈಲಿನಲ್ಲಿ ಹೇಳಬೇಕು. ಆ ಉಸಾಬರಿ ಯಾಕೆ, ಬ್ಲಾಕ್ ಫೋಲ್ಡರ್ ಒಳಗೇ ಊರು ಅಂತ ಉಪಫೋಲ್ಡರ್ ಮಾಡಿ (ಇಂಗ್ಲಿಷಿನಲ್ಲಿ!), ಮಾಡೆಲ್‌ನಲ್ಲಿ ‘ಬ್ಲಾಕ್, ಓರೆಗೆರೆ, ಊರು, ಓರೆಗೆರೆ, ಮುರಕಲ್ಲು’ ಅಂತ ಬರೆದರೆ ಆಯಿತು.

ಪ್ಯಾಕ್.ಎಂಸಿಮೆಟಾ ಫೈಲಿನಲ್ಲಿ ಪ್ಯಾಕ್ ಫಾರ್ಮ್ಯಾಟ್ (ಪ್ಯಾಕ್ ಯಾವ ಆವೃತ್ತಿಯ ಆಟಕ್ಕೆ ಅಂತ ಹೇಳುವ ಸಂಖ್ಯೆ) ಎಷ್ಟು ಹಾಕಿದ್ದೀರಿ? ಹಳೇ ವಿಡಿಯೊ ಅಂದರೆ 3 ಇರುತ್ತದೆ, ಅದು 1.11, 1.12ರ ಕಾಲದ್ದು. 1.20.1ಕ್ಕೆ 15. ತಪ್ಪಿದ್ದರೂ ಆಟ ಕೆಂಪಗೆ ಒಂದು ಎಚ್ಚರಿಕೆ ತೋರಿಸಿ ಒಳಗೆ ಬಿಡುತ್ತದೆ, ಆದರೂ ಸರಿ ಮಾಡಿ. ಪ್ರತಿ ಸಲ ಆಟ ಮುಚ್ಚಿ ತೆರೆಯಬೇಕಾಗಿಲ್ಲ, ಎಫ್3 ಒತ್ತಿ ಹಿಡಿದು ಟಿ ಒತ್ತಿದರೆ ಪ್ಯಾಕ್ ಮತ್ತೆ ಲೋಡ್ ಆಗುತ್ತದೆ. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನಗೆ ಒಂದು ತಿಂಗಳು ಉಳಿಯುತ್ತಿತ್ತು.

ಹುಲ್ಲು ಕಪ್ಪಾಗಿದ್ದು ಯಾಕೆ ಅಂದರೆ, ಹುಲ್ಲಿನ ಮೇಲ್ಭಾಗದ ಚಿತ್ರ ಹಸಿರೇ ಅಲ್ಲ. ಆಟದ ಜಾರ್ ಫೈಲನ್ನು ಜಿಪ್ ಬಿಚ್ಚುವ ಸಾಫ್ಟ್‌ವೇರ್‌ನಲ್ಲಿ ತೆರೆದು ಮೂಲ ಚಿತ್ರ ನೋಡಿ, ಬೂದು ಬಣ್ಣ ಇರುತ್ತದೆ. ಆಯಾ ಪ್ರದೇಶಕ್ಕೆ ತಕ್ಕ ಹಸಿರನ್ನು ಆಟ ಅದರ ಮೇಲೆ ಗುಣಿಸುತ್ತದೆ. ಬಯಲು ಪ್ರದೇಶದ ಹಸಿರು, ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ, 145, 189, 89. ನೀವು ಬಳಿದ ಹಸಿರು 90, 160, 60 ಇದೆ ಅಂತ ಇಟ್ಟುಕೊಳ್ಳಿ. ಗುಣಿಸಿ 255ರಿಂದ ಭಾಗಿಸಿದರೆ ಸುಮಾರು 51, 119, 21 ಬರುತ್ತದೆ. ಅದೇ ನಿಮ್ಮ ಪಾಲಕ್. ಬೂದು ಬಣ್ಣದಲ್ಲೇ ಹುಲ್ಲಿನ ಎಸಳು ಬರೆಯಿರಿ. ಹಸಿರೇ ಬದಲಾಗಬೇಕು ಅಂದರೆ ಕಲರ್‌ಮ್ಯಾಪ್ ಫೋಲ್ಡರ್‌ನಲ್ಲಿ ಗ್ರಾಸ್ ಅಂತ 256×256ರ ಚಿತ್ರ ಇದೆ, ಅದಕ್ಕೆ ಕೈ ಹಾಕಿ.

ಫೋಟೋ ವಿಷಯ ನನಗೆ ಗೊತ್ತಿಲ್ಲ, ಚಿತ್ರ ಬಿಡಿಸುವವರು ಯಾರಾದರೂ ಬರುತ್ತಾರೆ.


ಹದಿನಾರರ ಮಗ್ಗಿ:

ಬಂದೆ.

ಬೆಕ್ಕು ಅವರೇ, ನಿಮ್ಮ ಫೋಟೋ ಚೆನ್ನಾಗಿಯೇ ಇರಬಹುದು. ಲೆಕ್ಕ ಮಾತ್ರ ಒಗ್ಗುವುದಿಲ್ಲ. ಆಟದ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಅದರಲ್ಲಿ 16 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್ ಅಂದರೆ 6.25 ಸೆಂಟಿಮೀಟರ್, ಹೆಚ್ಚುಕಡಿಮೆ ನಿಮ್ಮ ಮೂರು ಬೆರಳಿನ ಅಗಲ. ಮುರಕಲ್ಲಿಗೆ ಮುರಕಲ್ಲಿನ ಕಳೆ ಕೊಡುವುದು ಯಾವುದು? ಆ ತೂತುಗಳು. ಮಕ್ಕಳು ಕಡ್ಡಿ ತೂರಿಸಿ ಇರುವೆ ಎಬ್ಬಿಸುವ ತೂತು. ಅದರಲ್ಲಿ ಎಷ್ಟು ತೂತು ಮೂರು ಬೆರಳಿನಷ್ಟು ದೊಡ್ಡದಿರುತ್ತದೆ? ಒಂದೂ ಇರುವುದಿಲ್ಲ. 3000 ಪಿಕ್ಸೆಲ್ ಅಗಲದ ಫೋಟೋವನ್ನು 16ಕ್ಕೆ ಇಳಿಸಿದಾಗ ಮೂವತ್ತೈದು ಸಾವಿರ ಪಿಕ್ಸೆಲ್‌ಗಳನ್ನು ಅರೆದು ಒಂದು ಪಿಕ್ಸೆಲ್ ಮಾಡಿದ ಹಾಗಾಯಿತು. ತೂತಿನ ಕಪ್ಪು, ಅಂಚಿನ ಹಳದಿ, ನಡುವಿನ ಕೆಂಪು ಎಲ್ಲ ಸೇರಿ ಕಂದು. ಅದೇ ಕೆಸರು. ಎಲ್ಲೋ ಒಂದು ಕಡೆ ದೊಡ್ಡ ನೆರಳು ಉಳಿದುಕೊಂಡಿರುತ್ತದೆ, ಅದು ಪ್ರತಿ ಬ್ಲಾಕಿನಲ್ಲೂ ಅದೇ ಜಾಗದಲ್ಲಿ ಬರುತ್ತದೆ, ಅದೇ ನಿಮ್ಮ ಲಂಗದ ಚುಕ್ಕೆ.

ಹಾಗಾಗಿ ಫೋಟೋವನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡಿ, ಒಳಗೆ ಹಾಕಬೇಡಿ. ತೂತನ್ನು ಅಳತೆಗೆ ಬರೆಯಲು ಆಗುವುದಿಲ್ಲ, ಸುಳ್ಳು ಹೇಳಿಯೇ ಬರೆಯಬೇಕು. ಯಕ್ಷಗಾನದ ಮುಖವರ್ಣಿಕೆ ಥರ. ಕಡೆಯ ಸಾಲಿನವನಿಗೂ ಹುಬ್ಬು ಕಾಣಬೇಕು ಅಂದರೆ ಹುಬ್ಬನ್ನು ದೊಡ್ಡದು ಮಾಡಲೇಬೇಕು, ಅಲ್ವಾ?

ನಾನು ಹೀಗೆ ಮಾಡುತ್ತೇನೆ. 16 ಪಿಕ್ಸೆಲ್ ಸಾಲನ್ನು ನಾಲ್ಕು ವರಸೆ (ಕಲ್ಲಿನ ಸಾಲು) ಮಾಡಿ. ಪ್ರತಿ ವರಸೆಗೆ 4 ಪಿಕ್ಸೆಲ್ ಎತ್ತರ: 3 ಕಲ್ಲಿಗೆ, 1 ಗಾರೆಗೆ. ಉದ್ದಕ್ಕೆ 8 ಪಿಕ್ಸೆಲ್: 7 ಕಲ್ಲು, 1 ಗಾರೆ. ಒಂದು ವರಸೆಯಲ್ಲಿ ಎರಡು ಕಲ್ಲು ಕೂರುತ್ತದೆ. ಎರಡನೇ ವರಸೆಯನ್ನು 4 ಪಿಕ್ಸೆಲ್ ಪಕ್ಕಕ್ಕೆ ಸರಿಸಿ, ಗಾರೆಯವರು ಸಂದು ತಪ್ಪಿಸಿ ಕಟ್ಟುತ್ತಾರಲ್ಲ, ಹಾಗೆ. ಒಟ್ಟು ಎಂಟು ಕಲ್ಲು, ಒಂದೊಂದಕ್ಕೆ 21 ಪಿಕ್ಸೆಲ್. ಆ 21ರಲ್ಲಿ ಎರಡೋ ಮೂರೋ ಕಡು ಬಣ್ಣದ ಚುಕ್ಕೆ ಇಟ್ಟರೆ ಸಾಕು, ತೂತು ಅಂತ ಕಣ್ಣು ತಾನೇ ನಂಬುತ್ತದೆ. ನಾಲ್ಕು ಇಟ್ಟರೆ ಸಿಡುಬು.

ಇನ್ನೊಂದು ಲೆಕ್ಕ ನೋಡಿ. ಎಂಟು ಕಲ್ಲಿಗೆ 168 ಹೋದರೆ ಗಾರೆಗೆ ಉಳಿಯುವುದು 88. ಅಂದರೆ ಗೋಡೆಯ ಮೂರನೇ ಒಂದು ಪಾಲು ಗಾರೆ! ನಿಜವಾದ ಗೋಡೆಯಲ್ಲಿ ಅಷ್ಟಿರುತ್ತದಾ? ಹಾಗಾಗಿ ಗಾರೆಗೆ ಬಿಳಿಯೋ ಬೂದಿಯೋ ಹಾಕಿದರೆ ಗೋಡೆ ಬಿಳಿಚಿಕೊಂಡು ಮತ್ತೆ ಇಂಗ್ಲೆಂಡಿನ ಇಟ್ಟಿಗೆ ಆಗುತ್ತದೆ. ಹಳೇ ಮನೆಯಲ್ಲಿ ಮಣ್ಣಿನ ಗಾರೆ ಇದ್ದಿರಬೇಕು, ಕಲ್ಲಿನ ಬಣ್ಣಕ್ಕಿಂತ ಒಂದು ಮೆಟ್ಟಿಲು ಕಪ್ಪು ಮಾಡಿ, ಸಾಕು.

ಬಣ್ಣ ನಾಲ್ಕೇ ಇರಲಿ. ತೂತಿಗೆ 78, 36, 38. ಮೈಗೆ 146, 66, 44. ಬೆಳಕು ಬಿದ್ದ ಕಡೆ 184, 98, 58. ಅಲ್ಲಲ್ಲಿ ಹಳದಿ ಮಿಂಚಿಗೆ 208, 140, 84. ನೋಡಿ, ಕಪ್ಪಾಗುತ್ತಾ ಹೋದ ಹಾಗೆ ಕೆಂಪಿಗೆ ಸ್ವಲ್ಪ ನೇರಳೆ ಕಡೆ ವಾಲಿಕೆ ಇದೆ, ಬೆಳಕಾಗುತ್ತಾ ಹೋದ ಹಾಗೆ ಹಳದಿ ಕಡೆ. ಒಂದೇ ಕೆಂಪಿಗೆ ಕಪ್ಪು ಬೆರೆಸಿ, ಬಿಳಿ ಬೆರೆಸಿ ಮಾಡಿದರೆ ಪ್ಲಾಸ್ಟಿಕ್ ಬಕೆಟ್ ಥರ ಕಾಣುತ್ತದೆ. ಎಂಟು ಕಲ್ಲೂ ಒಂದೇ ಬಣ್ಣ ಇರಬಾರದು, ಒಂದು ಸ್ವಲ್ಪ ಹಳದಿ, ಒಂದು ಸ್ವಲ್ಪ ಕಪ್ಪು. ಆದರೆ ಯಾವುದೋ ಒಂದೇ ಕಲ್ಲು ಎದ್ದು ಕಾಣುವಷ್ಟು ಬೇಡ, ಮತ್ತೆ ಲಂಗ ಆಗುತ್ತದೆ.

ಸಾಫ್ಟ್‌ವೇರ್ ಯಾವುದಾದರೂ ಆಗಲಿ. ನಾನು ಕ್ರಿಟಾ ಬಳಸುತ್ತೇನೆ, ಉಚಿತ, ಡಬ್ಲ್ಯೂ ಒತ್ತಿದರೆ ಚಿತ್ರ ನಾಲ್ಕೂ ಕಡೆ ಮುಂದುವರಿದು ಗೋಡೆ ಥರ ಕಾಣುತ್ತದೆ, ಬಲ ಅಂಚಿನಲ್ಲಿ ಬರೆದರೆ ಎಡ ಅಂಚಿನಲ್ಲೂ ಮೂಡುತ್ತದೆ. ಗಿಂಪ್ ಆದರೆ ಬ್ರಶ್ ಬೇಡ, ಪೆನ್ಸಿಲ್ ತೆಗೆದುಕೊಳ್ಳಿ, ಬ್ರಶ್‌ನ ಅಂಚು ಮಬ್ಬಾಗಿ ನಿಮಗೆ ಗೊತ್ತಿಲ್ಲದೆ ಇಪ್ಪತ್ತು ಬಣ್ಣ ಸೇರಿಕೊಳ್ಳುತ್ತದೆ. ಯಾವುದರಲ್ಲಿ ಬರೆದರೂ ಒಂದು ಚೌಕವನ್ನು ದೊಡ್ಡದು ಮಾಡಿಕೊಂಡು ಅದನ್ನೇ ಗಂಟೆಗಟ್ಟಲೆ ನೋಡುತ್ತಾ ಕೂರಬೇಡಿ. ಆಟದಲ್ಲಿ ಯಾರೂ ಒಂದು ಚೌಕ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಎಫ್3-ಟಿ, ಹತ್ತು ಹೆಜ್ಜೆ ಹಿಂದೆ.


ಚಿರೆಕಲ್ಲು:

ನಮ್ಮ ಕುಮಟಾ ಕಡೆ ಇದಕ್ಕೆ ಚಿರೆಕಲ್ಲು ಅಂತೀವಿ, ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ, ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ಮಗ್ಗಿ ಅವರು ಹೇಳಿದ್ದೆಲ್ಲ ಸರಿ, ಆದರೆ 16ಕ್ಕೇ ಯಾಕೆ ಕಟ್ಟುಬೀಳಬೇಕು? 32 ಮಾಡಿ. ಅವರ ಲೆಕ್ಕವನ್ನೇ ತೆಗೆದುಕೊಳ್ಳಿ: 32ರಲ್ಲಿ ಕಲ್ಲು 15×7 ಆಗುತ್ತದೆ, ಗಾರೆ 1024ರಲ್ಲಿ 184, ಐದನೇ ಒಂದು ಪಾಲಿಗಿಂತ ಕಡಿಮೆ. ಗೋಡೆ ಗೋಡೆ ಥರ ಕಾಣುತ್ತದೆ. ತೂತಿನ ಒಳಗೆ ಕಪ್ಪು, ಕೆಳ ಅಂಚಿನಲ್ಲಿ ಒಂದು ಬೆಳಕಿನ ಪಿಕ್ಸೆಲ್ ಇಡಬಹುದು, ಆಳ ಬರುತ್ತದೆ. ಹಳೇ ಲ್ಯಾಪ್‌ಟಾಪಿಗೂ ಹತ್ತಿಪ್ಪತ್ತು ಬ್ಲಾಕಿನ 32 ಏನೂ ಭಾರ ಅಲ್ಲ. 24, 20 ಅಂತ ಅಡ್ಡಾದಿಡ್ಡಿ ಅಳತೆ ಮಾತ್ರ ಹಾಕಬೇಡಿ, 16, 32, 64 ಹೀಗೇ ಹೋಗಬೇಕು. ಇಲ್ಲದಿದ್ದರೆ ದೂರದ ಬ್ಲಾಕುಗಳಿಗೆ ಆಟ ಮಾಡಿಕೊಳ್ಳುವ ಸಣ್ಣ ಪ್ರತಿಗಳು ಕೆಡುತ್ತವೆ.

16ರಲ್ಲಿ ಬರೆದರೇ ಕಲೆ ಅನ್ನುವುದು ನನಗೆ ಸ್ವಲ್ಪ ಮಡಿ ಅನ್ನಿಸುತ್ತದೆ.


ಹದಿನಾರರ ಮಗ್ಗಿ:

ಮಡಿ ಅಲ್ಲ ಮಾರಾಯರೇ. ಪೂರ್ತಿ ಪ್ಯಾಕ್ 32ರಲ್ಲಿ ಮಾಡುವುದಾದರೆ ನನ್ನದೇನೂ ತಕರಾರಿಲ್ಲ, ಗಾರೆಯ ವಿಷಯದಲ್ಲಿ ನೀವೇ ಸರಿ. ಆದರೆ ಬೆಕ್ಕು ಅವರು ಬರೆಯುವುದು ನಾಲ್ಕೈದು ಬ್ಲಾಕ್. ಬಾಗಿಲು, ಪೆಟ್ಟಿಗೆ, ಮರ, ಕೋಳಿ ಎಲ್ಲ ಆಟದ ಮೂಲದ್ದೇ, 16ರದ್ದೇ. 32ರ ಗೋಡೆಯಲ್ಲಿ 16ರ ಬಾಗಿಲು ಇಟ್ಟರೆ ಬಾಗಿಲಿಗೆ ಕನ್ನಡಕ ಬೇಕು ಅನ್ನಿಸುತ್ತದೆ. ಬೇಕಾದರೆ ಒಂದು ಸಲ ಮಾಡಿ ನೋಡಲಿ.

ಇನ್ನೊಂದು ಹೇಳಲು ಮರೆತೆ. ಒಂದೇ ಚಿತ್ರ ಎಷ್ಟು ಚೆನ್ನಾಗಿ ಬರೆದರೂ ದೊಡ್ಡ ಗೋಡೆಯಲ್ಲಿ ಮರುಕಳಿಕೆ ಕಾಣುತ್ತದೆ. ಬ್ಲಾಕ್‌ಸ್ಟೇಟ್ಸ್ ಫೋಲ್ಡರ್‌ನ ಫೈಲಿನಲ್ಲಿ ಒಂದು ಬ್ಲಾಕಿಗೆ ಮೂರು ನಾಲ್ಕು ಮಾಡೆಲ್ ಕೊಡಬಹುದು, ಜಾಗ ನೋಡಿ ಆಟವೇ ಒಂದನ್ನು ಆರಿಸಿಕೊಳ್ಳುತ್ತದೆ. ಎಲ್ಲರೂ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಅದೇ ಮಾಡೆಲನ್ನು ವೈ 90, 180, 270 ಅಂತ ತಿರುಗಿಸಿ ಹಾಕುತ್ತಾರೆ. ಅದು ನೆಲಕ್ಕೆ ಸರಿ, ಮೇಲಿನ ಮುಖ ತಿರುಗುತ್ತದೆ. ಗೋಡೆಗೆ ಏನೂ ಆಗುವುದಿಲ್ಲ, ಬುಗುರಿ ತಿರುಗಿದ ಹಾಗೆ ಪಕ್ಕದ ಮುಖಗಳು ಒಂದರ ಜಾಗಕ್ಕೆ ಇನ್ನೊಂದು ಬರುತ್ತವೆ, ನಾಲ್ಕರಲ್ಲೂ ಇರುವುದು ಅದೇ ಚಿತ್ರ ತಾನೇ. ಗೋಡೆಗೆ ನಿಜವಾಗಿ ಬೇರೆ ಬೇರೆ ಚಿತ್ರವೇ ಬೇಕು.

ಹೊಸದಾಗಿ ಬರೆಯಬೇಕಾಗಿಲ್ಲ. ನಮ್ಮ ಎಂಟು ಕಲ್ಲಿನಲ್ಲಿ ಎರಡು ಅಂಚಿನಲ್ಲಿ ಒಡೆದು ಅರ್ಧ ಆ ಕಡೆ ಅರ್ಧ ಈ ಕಡೆ ಇವೆ. ಅವನ್ನು ಮುಟ್ಟಬೇಡಿ, ಮುಟ್ಟಿದರೆ ಪಕ್ಕದ ಬ್ಲಾಕಿನ ಜೊತೆ ಕೂಡುವುದಿಲ್ಲ. ಉಳಿದ ಆರರ ಬಣ್ಣ, ಚುಕ್ಕೆ ಅದಲುಬದಲು ಮಾಡಿ ಮೂರು ಪ್ರತಿ ಮಾಡಿ. ಮಳೆನೀರು ಸಿಡಿದು ಕಪ್ಪಾದ ಕೆಳಗಿನ ಸಾಲು ಬೇಕಾದರೆ ಅದಕ್ಕೆ ಬೇರೆ ಬ್ಲಾಕನ್ನೇ ಬಲಿ ಕೊಡಬೇಕು, ನೆಲದ ಹತ್ತಿರ ಇದ್ದೇನೆ ಅಂತ ಬ್ಲಾಕಿಗೆ ಗೊತ್ತಾಗುವುದಿಲ್ಲ.


ಗೀಜಗ:

ಬಲಿ ಅಂದಿರಲ್ಲ, ಅದಕ್ಕೇ ಬಂದೆ. ಮೈನ್‌ಕ್ರಾಫ್ಟ್‌ನ ರಿಸೋರ್ಸ್ ಪ್ಯಾಕಿನಲ್ಲಿ ಇರುವ ಬ್ಲಾಕಿನ ವೇಷ ಬದಲಿಸಬಹುದು, ಹೊಸ ಬ್ಲಾಕ್ ಸೇರಿಸಲು ಆಗುವುದಿಲ್ಲ. ಒಂದು ಸಿಗಬೇಕಾದರೆ ಒಂದು ಕಳೆದುಕೊಳ್ಳಬೇಕು. ನಾನು ಮಕ್ಕಳ ಜೊತೆ ಇದೇ ಥರ ಬ್ಲಾಕು ಜೋಡಿಸುವ ಲುವಾಂಟಿ ಬಳಸುತ್ತೇನೆ. ಮೊದಲು ಮೈನ್‌ಟೆಸ್ಟ್ ಅಂತಿತ್ತು, 2024ರ ಅಕ್ಟೋಬರ್‌ನಲ್ಲಿ ಹೆಸರು ಬದಲಾಯಿತು. ಉಚಿತ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರಲ್ಲಿ ಲುವಾ ಭಾಷೆಯ ನಾಲ್ಕೈದು ಸಾಲು ಬರೆದರೆ ಮುರಕಲ್ಲು ಅನ್ನುವ ಹೊಸ ಬ್ಲಾಕೇ ಹುಟ್ಟುತ್ತದೆ, ಯಾರನ್ನೂ ಬಲಿ ಕೊಡಬೇಕಾಗಿಲ್ಲ.

ಟೆಕ್ಸ್ಚರ್ ಮಾಡುವವರಿಗೆ ಅಲ್ಲಿ ಎರಡು ಸುಖ ಇದೆ. ಒಂದು, ಚಿತ್ರದ ಮೇಲೆ ಚಿತ್ರ ಇಡಬಹುದು. ಎರಡು ಫೈಲಿನ ಹೆಸರಿನ ನಡುವೆ ಒಂದು ಟೋಪಿ ಚಿಹ್ನೆ (^) ಹಾಕಿದರೆ ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ಕಲ್ಲಿನ ಮೇಲೆ ಕಲ್ಲಿದ್ದಲಿನ ಚುಕ್ಕೆ ಬರುವುದು ಹಾಗೇ. ಒಂದು ಪಾಚಿಯ ಚಿತ್ರ ಬರೆದುಕೊಂಡರೆ ಮುರಕಲ್ಲಿನ ಮೇಲೂ ಹಂಚಿನ ಮೇಲೂ ಅದನ್ನೇ ಇಡಬಹುದು. ಇನ್ನೊಂದು, ಒಂದೇ ಚಿತ್ರವನ್ನು ನಾಲ್ಕು ಬ್ಲಾಕ್ ಅಗಲಕ್ಕೆ ಹರಡಿ ಅಂತ ಹೇಳಬಹುದು. ವರ್ಲ್ಡ್ ಅಲೈನ್ ಮಾಡಿ ಸ್ಕೇಲ್ 4 ಕೊಟ್ಟರೆ 64×64ರ ಗೋಡೆ ಬರೆಯಬಹುದು, ಪಿಕ್ಸೆಲ್ ಗಾತ್ರ ಅದೇ 16ರದ್ದು. ಮರುಕಳಿಕೆ ನಾಲ್ಕು ಮೀಟರಿಗೊಮ್ಮೆ.

ಫೈಲ್ ಹೆಸರಿಗೆ ಕನ್ನಡ ಅಲ್ಲೂ ನಡೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.


ಅಂಗಳದ ಬೆಕ್ಕು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗೀಜಗ ಅವರೇ, ಲುವಾಂಟಿ ನೋಡುತ್ತೇನೆ, ಆದರೆ ಹುಡುಗನ ಗೆಳೆಯರೆಲ್ಲ ಮೈನ್‌ಕ್ರಾಫ್ಟ್‌ನಲ್ಲಿ ಇದ್ದಾರೆ, ಅವನು ಕದಲುವುದಿಲ್ಲ.

ಮೂರು ದಿನ ಕೂತು ಗೋಡೆ ಮುಗಿಸಿದೆ. 16ರಲ್ಲೇ. 32 ಕೂಡ ಮಾಡಿ ನೋಡಿದೆ, ಬಾಗಿಲಿಗೆ ಕನ್ನಡಕ ಬೇಕಿತ್ತು, ನಿಜ. ಮೊದಲ ಸಲ ಕಲ್ಲಿಗೆ ಐದೈದು ಚುಕ್ಕೆ ಇಟ್ಟಿದ್ದೆ. ಹುಡುಗ ನೋಡಿ ‘ಮಾಮಾ ಇದು ಬಿಸ್ಕೆಟ್’ ಅಂದ. ಎರಡಕ್ಕೆ ಇಳಿಸಿದ ಮೇಲೆ ಸುಮ್ಮನಾದ. ಅಂಚಿನ ಎರಡು ಕಲ್ಲು ಬಿಟ್ಟು ಆರು ಬದಲಿಸುವ ಉಪಾಯ ಬಹಳ ಚೆನ್ನಾಗಿ ಕೆಲಸ ಮಾಡಿತು. ಪಾಲಿಶ್ಡ್ ಗ್ರಾನೈಟಿನ ಮೆಟ್ಟಿಲು ಮತ್ತು ಅರ್ಧ ಬ್ಲಾಕುಗಳು ತಾವಾಗಿಯೇ ಮುರಕಲ್ಲಿನವು ಆದವು, ಜಗಲಿಗೆ ಅನುಕೂಲ ಆಯಿತು. ನೆಲಕ್ಕೆ ಕೆಂಪು ಕಾಂಕ್ರೀಟ್ ಬ್ಲಾಕಿನ ಬಣ್ಣ ತುಸು ತಗ್ಗಿಸಿದೆ. ಹೊಳಪು ಬರಲಿ ಅಂತ ಒಂದು ಓರೆ ಬೆಳಕಿನ ಗೆರೆ ಹಾಕಿದ್ದೆ, ಪ್ರತಿ ಬ್ಲಾಕಿನಲ್ಲೂ ಅದೇ ಗೆರೆ ಬಂದು ನೆಲ ಅಪ್ಪಟ ಟೈಲ್ಸ್ ಅಂಗಡಿ ಆಯಿತು. ತೆಗೆದುಬಿಟ್ಟೆ. ನಿಜವಾದ ಹೊಳಪು, ನೆರಳು ತೋರಿಸುವ ಶೇಡರ್ ಹಾಕುವ ಶಕ್ತಿ ಈ ಲ್ಯಾಪ್‌ಟಾಪಿಗೆ ಇಲ್ಲ.

ಈಗ ಹಂಚು. ರೆಡ್ ನೆದರ್ ಬ್ರಿಕ್ಸ್ ತೆಗೆದುಕೊಂಡೆ, ಅದಕ್ಕೆ ಮೆಟ್ಟಿಲು ಇದೆ, ನಾವು ಬೇರೆಲ್ಲೂ ಬಳಸಿಲ್ಲ. ಹಂಚಿನ ಉಬ್ಬುಗಳನ್ನು ನಿಲುಗೆರೆಗಳಾಗಿ ಬರೆದೆ, 4 ಪಿಕ್ಸೆಲಿಗೆ ಒಂದು ಉಬ್ಬು. ಮನೆಯ ಉತ್ತರ-ದಕ್ಷಿಣ ಮಾಡು (ಇಳಿಜಾರು ಛಾವಣಿ) ಎಷ್ಟು ಚೆನ್ನಾಗಿ ಬಂತು ಅಂದರೆ ನನಗೇ ನಂಬಲು ಆಗಲಿಲ್ಲ. ಗೆರೆಗಳು ನೀರು ಇಳಿಯುವ ದಿಕ್ಕಿನಲ್ಲೇ ಇವೆ. ಆದರೆ ಪೂರ್ವ-ಪಶ್ಚಿಮದ ಮಾಡಿನಲ್ಲಿ ಮೆಟ್ಟಿಲಿನ ಮೇಲ್ಮೈ ಗೆರೆಗಳೆಲ್ಲ ಅಡ್ಡ ತಿರುಗಿವೆ. ಮಳೆ ಬಂದರೆ ನೀರು ಅಲ್ಲೇ ನಿಲ್ಲುತ್ತದೆ! ನಾನೇನು ತಪ್ಪು ಮಾಡಿದೆ?


ಒತ್ತಕ್ಷರ:

ನೀವೇನೂ ತಪ್ಪು ಮಾಡಿಲ್ಲ. ಯುವಿಲಾಕ್ ಅಂತ ಒಂದು ಇದೆ, ಅದರ ಕೆಲಸ.

ಆಟಕ್ಕೆ ಮೆಟ್ಟಿಲಿನ ನೇರ ಮಾಡೆಲ್ ಇರುವುದು ಒಂದೇ, ಪೂರ್ವಕ್ಕೆ ಮುಖ ಮಾಡಿದ್ದು. ಬೇರೆ ದಿಕ್ಕಿಗೆ ಅದನ್ನೇ ತಿರುಗಿಸಿಕೊಳ್ಳುತ್ತದೆ. ಬರೀ ತಿರುಗಿಸಿದರೆ ಮರದ ಹಲಗೆಯ ಗೆರೆಗಳೂ ತಿರುಗಿ ಪಕ್ಕದ ಬ್ಲಾಕಿಗೆ ಹೊಂದುವುದಿಲ್ಲ, ಹಾಗಾಗಿ ‘ಮಾಡೆಲ್ ತಿರುಗಲಿ, ಚಿತ್ರ ಇದ್ದಲ್ಲೇ ಇರಲಿ’ ಅಂತ ಯುವಿಲಾಕ್ ಹಾಕಿದ್ದಾರೆ. ಹಲಗೆಗೆ, ಇಟ್ಟಿಗೆಗೆ ಅದು ಒಳ್ಳೆಯದು. ಹಂಚಿಗೆ ಮಾತ್ರ ಸರಿಯಾಗಿ ಉಲ್ಟಾ ಬೇಕು, ಚಿತ್ರವೂ ಇಳಿಜಾರಿನ ಜೊತೆ ತಿರುಗಬೇಕು.

ಹೀಗೆ ಮಾಡಿ. ಬ್ಲಾಕ್‌ಸ್ಟೇಟ್ಸ್‌ನಲ್ಲಿ ರೆಡ್ ನೆದರ್ ಬ್ರಿಕ್ ಸ್ಟೇರ್ಸ್ ಫೈಲನ್ನು ನಿಮ್ಮ ಪ್ಯಾಕಿಗೆ ನಕಲು ಮಾಡಿಕೊಳ್ಳಿ. ಅದರಲ್ಲಿ 40 ನಮೂನೆ ಇರುತ್ತವೆ: ನಾಲ್ಕು ದಿಕ್ಕು, ಮೇಲು-ಕೆಳಗು, ಐದು ಆಕಾರ. ಒಂದೊಂದಾಗಿ ತಿದ್ದುತ್ತಾ ಕೂರಬೇಡಿ, ಯುವಿಲಾಕ್ ಟ್ರೂ ಅಂತ ಇರುವುದನ್ನೆಲ್ಲ ಒಂದೇ ಸಲ ಫಾಲ್ಸ್ ಅಂತ ಬದಲಿಸಿ. ಇಷ್ಟೇ ಮಾಡಿದರೆ ನಾಲ್ಕೂ ಕಡೆ ಅಡ್ಡ ಗೆರೆ ಬರುತ್ತದೆ, ಯಾಕೆಂದರೆ ಮೂಲ ಮಾಡೆಲ್ ಪೂರ್ವದ್ದು, ಪೂರ್ವದಲ್ಲಿ ನಿಮಗೆ ಈಗಲೇ ಅಡ್ಡ ಇದೆ. ಹಾಗಾಗಿ ಎರಡನೇ ಚಿತ್ರ ಬೇಕು. ಹಂಚಿನ ಚಿತ್ರವನ್ನೇ 90 ಡಿಗ್ರಿ ತಿರುಗಿಸಿ ಬೇರೆ ಹೆಸರಿನಲ್ಲಿ ಉಳಿಸಿ. ಮೆಟ್ಟಿಲಿನ ಮಾಡೆಲ್‌ನಲ್ಲಿ ಟಾಪ್, ಬಾಟಂ, ಸೈಡ್ ಅಂತ ಮೂರು ಚಿತ್ರಕ್ಕೆ ಜಾಗ ಇದೆ, ಟಾಪ್‌ಗೆ ಮಾತ್ರ ತಿರುಗಿಸಿದ್ದನ್ನು ಕೊಡಿ, ಸೈಡ್‌ಗೆ ಹಳೆಯದೇ ಇರಲಿ. ಈಗ ಯಾವ ದಿಕ್ಕಿಗೆ ಇಟ್ಟರೂ ನೀರು ಕೆಳಗೆ ಇಳಿಯುತ್ತದೆ. ಒಳಮೂಲೆ, ಹೊರಮೂಲೆ ಮಾಡೆಲ್‌ಗಳು ಬೇರೆ ಫೈಲ್, ಅವಕ್ಕೂ ಹೀಗೇ ಮಾಡಿ. ಮೂಲೆಯಲ್ಲಿ ಗೆರೆ ಪೂರ್ತಿ ಕೂಡುವುದಿಲ್ಲ, ಅಲ್ಲಿ ಮೂಲೆ ಹಂಚು ಇಟ್ಟಿದ್ದೇವೆ ಅಂದುಕೊಳ್ಳಿ.

ಹಾಗೇ ಲ್ಯಾಂಗ್ ಅಂತ ಫೋಲ್ಡರ್ ಮಾಡಿ ಬ್ಲಾಕಿನ ಹೆಸರನ್ನೂ ಬದಲಿಸಬಹುದು. ಅಲ್ಲಿ ಕನ್ನಡ ಧಾರಾಳವಾಗಿ ಬರೆಯಿರಿ. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ, ಒಡೆದು ಪಕ್ಕಪಕ್ಕ ಬರುತ್ತದೆ. ನನ್ನ ಹೆಸರು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.


ಚಿರೆಕಲ್ಲು:

ಇದು ನನಗೂ ಗೊತ್ತಿರಲಿಲ್ಲ. ನನ್ನ ಮಾಡಿನಲ್ಲಿ ಎರಡು ವರ್ಷದಿಂದ ನೀರು ನಿಂತಿದೆ.


ಅಂಗಳದ ಬೆಕ್ಕು:

ನಾಲ್ಕೂ ಕಡೆ ಇಳಿಯುತ್ತಿದೆ. ಸೈಡ್‌ಗೆ ಕೊಡಬೇಕಾದ್ದನ್ನು ಟಾಪ್‌ಗೆ ಕೊಟ್ಟು ಒಂದು ರಾತ್ರಿ ತಲೆ ಕೆರೆದುಕೊಂಡೆ, ಬೆಳಗ್ಗೆ ಎದ್ದು ನೋಡಿದಾಗ ಕಂಡಿತು.

ಹೆಸರು ಹಾಕುವ ಕೆಲಸ ಹುಡುಗ ವಹಿಸಿಕೊಂಡ. ‘ಹಂಚು’ ಪರವಾಗಿಲ್ಲ, ಓದಲು ಬರುತ್ತದೆ. ‘ಮುರಕಲ್ಲು’ ಒಡೆದುಹೋಗುತ್ತದೆ ಅಂತ ಅವನು ಒತ್ತನ್ನೇ ತೆಗೆದು ‘ಮುರಕಲು’ ಮಾಡಿದ್ದಾನೆ. ನಾನು ತಿದ್ದಲು ಹೋಗಲಿಲ್ಲ.

ನಿನ್ನೆ ಅಜ್ಜಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು. ಸುತ್ತು ಹಾಕಿಸಿದ ಮೇಲೆ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ, ಬಚ್ಚಲು ಎಲ್ಲಿ ಅಂತ. ಅದನ್ನು ನಾವು ಕಟ್ಟಿಯೇ ಇರಲಿಲ್ಲ. ಹಿಂದುಗಡೆ ಹಂಡೆ ಒಲೆ ಇತ್ತು, ಅಲ್ಲಿನ ಗೋಡೆ ಪೂರ್ತಿ ಮಸಿ, ತೂತೆಲ್ಲ ಮುಚ್ಚಿ ಮಿರಿಮಿರಿ ಕಪ್ಪು. ಮೆಟ್ಟಿಲು, ಅರ್ಧ ಬ್ಲಾಕ್ ಎರಡೂ ಇರುವ, ನಾವು ಬಳಸದ ಇನ್ನೊಂದು ಬ್ಲಾಕ್ ಬೇಕು. ಮಸಿ ಹಿಡಿದ ಮುರಕಲ್ಲಿಗೆ ಯಾವುದನ್ನು ಬಲಿ ಕೊಡಲಿ?